ನೀರು ಹರಿಯುತ್ತೆ, ಸಮೀಕರಣ ಎಲ್ಲಿ ಸಿಕ್ಕಿಕೊಂಡಿದೆ?

ಪ್ರಶ್ನೆ: ಮಗಳು ಪುಣೆಯಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ನೀರಿನ ಹರಿವಿನ ನೇವಿಯರ್–ಸ್ಟೋಕ್ಸ್ ಸಮೀಕರಣಕ್ಕೆ ಸರಿಯಾದ ಪರಿಹಾರ ಇದೆಯೋ ಇಲ್ಲವೋ ಅನ್ನೋದೇ ಯಾರಿಗೂ ಗೊತ್ತಿಲ್ಲ ಅಂತಾಳೆ. ನಾನು ನಿವೃತ್ತ ಸಿವಿಲ್ ಎಂಜಿನಿಯರ್. ಹಾಗಾದರೆ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮುಠಾ ನದಿ ಎಷ್ಟು ಏರುತ್ತೆ, ಭಿಡೆ ಸೇತುವೆ ಮುಳುಗುತ್ತಾ ಅಂತ ಲೆಕ್ಕ ಹಾಕುವವರು, ಪಾಷಾಣ್‌ನ ಹವಾಮಾನ ಸಂಸ್ಥೆಯಲ್ಲಿ ಮಳೆಯ ಲೆಕ್ಕ ಹಾಕುವವರು ಏನನ್ನು ಬಿಡಿಸುತ್ತಿದ್ದಾರೆ?
— ಓದುಗರು, ಕೊಥ್ರೂಡ್, ಪುಣೆ

ಉತ್ತರ: ಮಗಳು ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸಬೇಕು. ಒಂದು ಬಗೆಯ ಪರಿಹಾರ ಎಲ್ಲ ಕಾಲಕ್ಕೂ ಇದೆ ಅಂತ ಫ್ರಾನ್ಸಿನ ಗಣಿತಜ್ಞ ಝಾನ್ ಲೆರೇ 1934ರಲ್ಲೇ ಸಾಧಿಸಿದರು. ಅದಕ್ಕೆ ದುರ್ಬಲ ಪರಿಹಾರ ಅಂತಾರೆ. ಪ್ರತಿ ಬಿಂದುವಿನಲ್ಲೂ ಸಮೀಕರಣ ಕೂಡಿಬರಬೇಕಿಲ್ಲ, ಸರಾಸರಿಯಲ್ಲಿ ಕೂಡಿಬಂದರೆ ಸಾಕು. ತಕರಾರು ಇರೋದು ಬೇರೆ ಕಡೆ. ಅಂಥ ಪರಿಹಾರ ಒಂದೇ ಒಂದಾ? ವೇಗ ಎಲ್ಲೂ ಅನಂತಕ್ಕೆ ಹಾರದೆ ಹರಿವು ನಯವಾಗಿ ಉಳಿಯುತ್ತಾ? ಎರಡನೆಯ ಪ್ರಶ್ನೆಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ 10 ಲಕ್ಷ ಡಾಲರ್ ಬಹುಮಾನ ಇಟ್ಟಿತು.

ಇದು ಯಾಕಿಷ್ಟು ಕಷ್ಟ? ಪೆನ್ನು ಹಿಡಿದು ಒಂದು ಸಣ್ಣ ಲೆಕ್ಕ ಮಾಡಿ. ಒಂದು ಸುಳಿಯ ಉದ್ದ, ಅಗಲ, ಆಳ ಮೂರನ್ನೂ ಅರ್ಧ ಮಾಡಿ, ವೇಗವನ್ನು ದುಪ್ಪಟ್ಟು ಮಾಡಿ. ಈ ಬದಲಾವಣೆಯಲ್ಲಿ ನೀರಿನ ನುಗ್ಗಾಟಕ್ಕೂ ಅದನ್ನು ತಡೆಯುವ ಸ್ನಿಗ್ಧತೆಗೂ (ನೀರಿನ ಒಳಗಿನ ಘರ್ಷಣೆ) ಇರುವ ತೂಕ ಹಾಗೇ ಉಳಿಯುತ್ತೆ, ಅಂದರೆ ಸಮೀಕರಣಕ್ಕೆ ವ್ಯತ್ಯಾಸವೇ ಗೊತ್ತಾಗಲ್ಲ. ಈಗ ಚಲನಶಕ್ತಿ ನೋಡಿ. ಗಾತ್ರ ಎಂಟನೇ ಒಂದು ಭಾಗ ಆಯಿತು, ವೇಗದ ವರ್ಗ ನಾಲ್ಕು ಪಟ್ಟು ಆಯಿತು. ಒಟ್ಟು ಶಕ್ತಿ ಅರ್ಧ! ಅಂದರೆ ಸುಳಿ ಚಿಕ್ಕದಾಗಿ, ಜೋರಾಗಿ ತಿರುಗೋದಕ್ಕೆ ಮೊದಲಿಗಿಂತ ಕಡಿಮೆ ಶಕ್ತಿ ಸಾಕು. ಉಳಿದ ಅರ್ಧ ಘರ್ಷಣೆಗೆ ಹೋದರೂ ಹೋಗಲಿ.

ಕಾಲವೂ ಕಾಲು ಭಾಗಕ್ಕೆ ಇಳಿಯುತ್ತೆ. ಮೊದಲ ಹಂತಕ್ಕೆ 1 ಸೆಕೆಂಡ್, ಮುಂದಿನದಕ್ಕೆ 1/4, ಆಮೇಲೆ 1/16. ಇವನ್ನೆಲ್ಲ ಕೂಡಿಸಿದರೆ 4/3 ಸೆಕೆಂಡ್, ಅಷ್ಟೇ. ಅಷ್ಟರೊಳಗೆ ಅನಂತ ಹಂತ ಮುಗಿದು ವೇಗ ಅನಂತ ಆಗಬಹುದು. ಹೀಗೆ ಆಗುತ್ತೆ ಅಂತ ನಾನು ಹೇಳುತ್ತಿಲ್ಲ, ಶಕ್ತಿಯ ಲೆಕ್ಕ ಇದನ್ನು ತಡೆಯಲ್ಲ ಅಂತ ಮಾತ್ರ. ಗಣಿತಜ್ಞ ಟೆರೆನ್ಸ್ ಟಾವೊ 2014ರಲ್ಲಿ ಸಮೀಕರಣವನ್ನು ಸ್ವಲ್ಪ ಬದಲಿಸಿ, ಶಕ್ತಿಯ ನಿಯಮವನ್ನು ಹಾಗೇ ಇಟ್ಟು, ಹೆಚ್ಚುಕಡಿಮೆ ಇಂಥದ್ದೇ ಸ್ಫೋಟ ಆಗೋದನ್ನು ತೋರಿಸಿದರು. ಹಾಗಾಗಿ ಬರೀ ಶಕ್ತಿಯನ್ನು ನಂಬಿಕೊಂಡು ಯಾರಾದರೂ "ಸಾಧಿಸಿಬಿಟ್ಟೆ" ಅಂತ ಬಂದರೆ ನಾನಂತೂ ಮುಂದಿನ ಪುಟ ತಿರುಗಿಸಲ್ಲ.

ಎರಡು ಆಯಾಮದಲ್ಲಿ ಇದೇ ಲೆಕ್ಕ ಮಾಡಿದರೆ ಶಕ್ತಿ ಅಷ್ಟೇ ಉಳಿಯುತ್ತೆ. ಘರ್ಷಣೆಗೆ ಚೂರು ಹೋದರೂ ಮುಂದಿನ ಹಂತಕ್ಕೆ ಸಾಲಲ್ಲ. ಅಲ್ಲಿ ಪ್ರಶ್ನೆ ಎಂದೋ ಇತ್ಯರ್ಥವಾಗಿದೆ. ಮೂರು ಆಯಾಮದಲ್ಲಿ ಸಿಕ್ಕಿರುವ ದೊಡ್ಡ ಸಮಾಧಾನ 1982ರದು: ಕ್ಯಾಫರೆಲ್ಲಿ, ಕೋನ್, ನಿರೆನ್‌ಬರ್ಗ್ ಮೂವರೂ ಸೇರಿ, ಸಮೀಕರಣಕ್ಕೆ ತಕ್ಕಂತೆ ಆರಿಸಿದ ದುರ್ಬಲ ಪರಿಹಾರದಲ್ಲಿ ಕೆಟ್ಟ ಬಿಂದುಗಳಿದ್ದರೂ (ಅಂದರೆ ವೇಗ ಅನಂತಕ್ಕೆ ಹಾರುವ ಜಾಗಗಳು) ಅವು ಸ್ಥಳ–ಕಾಲದಲ್ಲಿ ಒಂದು ಗೆರೆಯಷ್ಟು ಜಾಗವನ್ನೂ ತುಂಬಲಾರವು ಅಂತ ತೋರಿಸಿದರು.

ಇನ್ನು ನಿಮ್ಮ ಮುಠಾ. ನದಿಯ ನೆರೆಗೆ ಸಾಮಾನ್ಯವಾಗಿ ಬಿಡಿಸೋದು ಪೂರ್ತಿ ನೇವಿಯರ್–ಸ್ಟೋಕ್ಸ್ ಅಲ್ಲ, 1871ರ ಸೇಂಟ್ ವೆನಂಟ್ ಸಮೀಕರಣ. ಆಳದುದ್ದಕ್ಕೂ ಸರಾಸರಿ ತೆಗೆದಿರುತ್ತಾರೆ. ನಯವಾದ ಪರಿಹಾರ ಇಲ್ಲಿ ಮುರಿಯುತ್ತೆ, ಅದೂ ನಿಮ್ಮ ಕಣ್ಣೆದುರೇ. ಅಣೆಕಟ್ಟಿನ ಸ್ಪಿಲ್‌ವೇ ಕೆಳಗೆ ತೆಳ್ಳಗೆ ನುಗ್ಗಿ ಬರುವ ನೀರು ಥಟ್ಟನೆ ಎದ್ದು ದಪ್ಪಗಾಗುತ್ತಲ್ಲ, ಆ ಹೈಡ್ರಾಲಿಕ್ ಜಂಪ್. ಲೆಕ್ಕದಲ್ಲಿ ಅಲ್ಲಿ ನೀರಿನ ಎತ್ತರ ಒಂದೇ ಜಾಗದಲ್ಲಿ ಜಿಗಿಯುತ್ತೆ, ಡಿಫರೆನ್ಶಿಯೇಟ್ ಮಾಡೋಕೆ ಆಗಲ್ಲ. ಆದರೂ ಎರಡೂ ಬದಿಯಲ್ಲಿ ನೀರಿನ ಪ್ರಮಾಣ, ಸಂವೇಗ ತಾಳೆಯಾಗಬೇಕು ಅಂತ ಬರೆದು ನೀವು ಆಳ ಕಂಡುಹಿಡಿದಿದ್ದೀರಿ. ಅದೇ ದುರ್ಬಲ ಪರಿಹಾರ! ಇದನ್ನೇ ತಿರುಗಿಸಿ, ದಪ್ಪ ನೀರು ಥಟ್ಟನೆ ತೆಳ್ಳಗಾಗುವ ಜಂಪ್ ಬರೆದರೂ ಪ್ರಮಾಣ, ಸಂವೇಗ ಎರಡೂ ತಾಳೆಯಾಗುತ್ತವೆ. ಆದರೆ ಅದಕ್ಕೆ ಶಕ್ತಿ ಎಲ್ಲಿಂದಲೋ ಸುಮ್ನೆ ಬರಬೇಕು. ಅದಕ್ಕೇ ಅದನ್ನು ಬಿಡುತ್ತೇವೆ. ಪರಿಹಾರ ಒಂದೇ ಒಂದಾ ಅನ್ನುವ ತಲೆನೋವಿನ ಚಿಕ್ಕ ರೂಪ ಇದು, ಇಲ್ಲಿ ಶಕ್ತಿ ನಷ್ಟದ ಷರತ್ತು ನಮ್ಮನ್ನು ಪಾರು ಮಾಡುತ್ತೆ.

ಮಳೆಯ ಲೆಕ್ಕಕ್ಕೆ ಬಂದರೆ, ದೊಡ್ಡ ಪ್ರಮಾಣದ ವಾತಾವರಣಕ್ಕೆ ಬಳಸುವ ಪ್ರಿಮಿಟಿವ್ ಸಮೀಕರಣದಲ್ಲಿ ಗಾಳಿಯ ಲಂಬ ಚಲನೆಯನ್ನು ಸರಳ ಮಾಡಿರುತ್ತಾರೆ. ಸ್ನಿಗ್ಧತೆ ಸೇರಿಸಿದ ಈ ಸಮೀಕರಣಕ್ಕೆ ಮೂರು ಆಯಾಮದಲ್ಲೂ ನಯವಾದ, ಒಂದೇ ಒಂದು ಪರಿಹಾರ ಇದೆ ಅಂತ ಚಾವೊ ಮತ್ತು ಟಿಟಿ 2007ರಲ್ಲಿ ಪ್ರಕಟಿಸಿದರು. ಅಷ್ಟಾದರೂ ತಿಂಗಳಾಚೆ ಇಂಥ ದಿನವೇ ಮಳೆ ಅಂತ ಹೇಳೋಕೆ ಆಗಲ್ಲ, ಅಲ್ವಾ? ಅದು ಬೇರೆ ಕಾಯಿಲೆ. ಪರಿಹಾರ ಇದ್ದರೂ ಆರಂಭದ ಅಳತೆಯ ಸಣ್ಣ ತಪ್ಪು ದಿನಗಳೆದಂತೆ ಬೆಳೆಯುತ್ತೆ. ಹವಾಮಾನ ವಿಜ್ಞಾನಿ ಲೊರೆನ್ಝ್ 1963ರಲ್ಲಿ ತೋರಿಸಿದ್ದು ಇದನ್ನೇ.

ಪ್ರಶ್ನೆ: ಡೊಂಬಿವಲಿಯಲ್ಲಿ ಬಿ.ಎಸ್ಸಿ. ಕೊನೆ ವರ್ಷ ಓದುತ್ತಿದ್ದೇನೆ. ಈ ವಿಷಯಕ್ಕೆ ಹೇಗೆ ಬರೋದು?

ಉತ್ತರ: ರಿಯಲ್ ಅನಾಲಿಸಿಸ್ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಲೆಬೆಗ್ ಇಂಟಿಗ್ರಲ್, ಫಂಕ್ಷನಲ್ ಅನಾಲಿಸಿಸ್, ಸೊಬೊಲೆವ್ ಸ್ಪೇಸ್. ನೇರವಾಗಿ ನೇವಿಯರ್–ಸ್ಟೋಕ್ಸ್‌ಗೆ ಕೈಹಾಕಬೇಡಿ. ಅದರದೇ ಸರಳ ರೂಪದಂತಿರುವ ಒಂದು ಆಯಾಮದ ಬರ್ಗರ್ಸ್ ಸಮೀಕರಣ ಹಿಡಿಯಿರಿ, ಸ್ನಿಗ್ಧತೆ ಇದ್ದಾಗ ಒಂದು ಸಲ, ಸೊನ್ನೆ ಮಾಡಿ ಇನ್ನೊಂದು ಸಲ. ಅಲೆ ಮುರಿಯೋದು ಕಾಗದದ ಮೇಲೇ ಕಾಣುತ್ತೆ. ಪೊವೈನ ಐಐಟಿ, ಪುಣೆಯ ಐಸರ್ ಹತ್ತಿರದಲ್ಲೇ ಇವೆ. ಕೊಲಾಬಾದ ಟಿಐಎಫ್‌ಆರ್ ಕಡೆ ಕಣ್ಣಿದ್ದರೆ ಒಂದು ವಿಷಯ ಗೊತ್ತಿರಲಿ: ಅವರ ಪಿಡಿಇ (ಆಂಶಿಕ ಅವಕಲ ಸಮೀಕರಣ, ನೇವಿಯರ್–ಸ್ಟೋಕ್ಸ್ ಕೂಡ ಇದೇ ಜಾತಿಯದು) ಕೆಲಸ ಜಾಸ್ತಿ ನಡೆಯೋದು ಬೆಂಗಳೂರಿನ ಕೇಂದ್ರದಲ್ಲಿ. ಊರಿಗೆ ಹೋದಾಗ ಅಲ್ಲಿಗೂ ಒಂದು ಸುತ್ತು ಹಾಕಿ ಬನ್ನಿ.