ಹಂಚಿಕೊಂಡ ಮಾತ್ರಕ್ಕೆ ಅಂಟಿಕೊಳ್ಳಬೇಕೇಕೆ?

ಪ್ರಶ್ನೆ: ಎರಡು ಹೈಡ್ರೋಜನ್ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಅಣು ಆಗುತ್ತವೆ ಅಂತ ಪಾಠದಲ್ಲಿದೆ. ಆದರೆ ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂರ ತಳ್ಳಬೇಕು ಅಲ್ವಾ? ಮತ್ತೆ ಅಂಟಿಕೊಳ್ಳುವುದು ಹೇಗೆ?
- ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ಸುಮ್ನೆ ಬಾಯಿಪಾಠ ಮಾಡದೆ ಕೇಳಿದ್ದೀರಲ್ಲ, ತುಂಬಾ ಖುಷಿಯಾಯಿತು. ಬಂಧ ಅಂದರೆ ಎಲೆಕ್ಟ್ರಾನ್ ಜೋಡಿ ಅಂತ ಅಮೆರಿಕದ ರಸಾಯನಶಾಸ್ತ್ರಜ್ಞ ಲೂಯಿಸ್ 1916ರಲ್ಲೇ ಹೇಳಿದ್ದರು. ಆ ಜೋಡಿಗೆ ಹಿಡಿದಿಡುವ ಶಕ್ತಿ ಎಲ್ಲಿಂದ ಬಂತು ಅನ್ನೋದಕ್ಕೆ ಉತ್ತರ ಸಿಕ್ಕಿದ್ದು 1927ರಲ್ಲಿ, ಜ್ಯೂರಿಕ್‌ನಲ್ಲಿ. ಕಂಡುಕೊಂಡವರು ವಾಲ್ಟರ್ ಹೈಟ್ಲರ್ ಮತ್ತು ಫ್ರಿಟ್ಜ್ ಲಂಡನ್. ಇಬ್ಬರೂ ಭೌತಶಾಸ್ತ್ರದವರು, ಹೈಟ್ಲರ್‌ಗೆ ಆಗಿನ್ನೂ 23 ವರ್ಷ. ಅವತ್ತು ಕೆಲಸವೇ ಸಾಗದೆ ಮಧ್ಯಾಹ್ನ ಊಟ ಮಾಡಿ ಮಲಗಿದೆ, ಐದು ಗಂಟೆಗೆ ಎಚ್ಚರವಾದಾಗ ಎರಡು ಪರಮಾಣುಗಳ ಅಲೆಗಳು ಕೂಡುವ ಚಿತ್ರ ಕಣ್ಣೆದುರು ನಿಚ್ಚಳವಾಗಿತ್ತು ಅಂತ ಅವರೇ ಮುಂದೆ ನೆನೆಸಿಕೊಂಡಿದ್ದಾರೆ. ಲಂಡನ್‌ಗೆ ಫೋನ್ ಮಾಡಿ ಕರೆಸಿಕೊಂಡರು. ರಾತ್ರಿ ಹೊತ್ತಿಗೆ ವಿಷಯ ಬಗೆಹರಿದಿತ್ತು.

ವಿಷಯ ಇಷ್ಟೇ. ಎರಡು ಎಲೆಕ್ಟ್ರಾನ್‌ಗಳಿಗೆ ಗುರುತಿನ ಚೀಟಿ ಇಲ್ಲ. ಎಲೆಕ್ಟ್ರಾನ್‌ಗಳನ್ನು ಅಲೆಗಳಾಗಿ ಲೆಕ್ಕಕ್ಕೆ ತಗೊಂಡು, ಮೊದಲನೆಯದು ಈ ಪರಮಾಣುವಿನಲ್ಲಿ, ಎರಡನೆಯದು ಆ ಪರಮಾಣುವಿನಲ್ಲಿ ಅಂತ ಬರೆದರೆ, ಅದಲುಬದಲಾದ ಲೆಕ್ಕವನ್ನೂ ಜೊತೆಗೆ ಬರೆಯಲೇಬೇಕು. ಈ ಎರಡು ಅಲೆಗಳ ಲೆಕ್ಕವನ್ನು ಕೂಡಿಸಿದರೆ ನ್ಯೂಕ್ಲಿಯಸ್‌ಗಳ ನಡುವಿನ ಜಾಗದಲ್ಲಿ ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಜಾಸ್ತಿಯಾಗುತ್ತದೆ, ಅಲ್ಲಿ ತುಂಬಿದ ಋಣ ವಿದ್ಯುದಂಶ ಎರಡೂ ಕಡೆಯ ನ್ಯೂಕ್ಲಿಯಸ್‌ಗಳನ್ನು ತನ್ನತ್ತ ಎಳೆಯುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ನಡುವಿನ ಜಾಗದಲ್ಲಿ ಆ ಸಾಧ್ಯತೆ ಕಡಿಮೆಯಾಗುತ್ತದೆ, ಪರಮಾಣುಗಳು ದೂರ ಸರಿಯುತ್ತವೆ. ಕೂಡಿಸುವ ಲೆಕ್ಕಕ್ಕೆ ಎರಡು ಎಲೆಕ್ಟ್ರಾನ್‌ಗಳ ಸ್ಪಿನ್‌ಗಳು (ಎರಡೇ ದಿಕ್ಕು ಇರುವ, ಎಲೆಕ್ಟ್ರಾನ್‌ನ ಒಂದು ಹುಟ್ಟುಗುಣ) ವಿರುದ್ಧವಾಗಿರಬೇಕು. ನೀವು ಹೇಳಿದ ತಳ್ಳಾಟ ಇದ್ದೇ ಇದೆ, ಆದರೆ ಎಳೆತದ್ದೇ ಮೇಲುಗೈ. ನ್ಯೂಕ್ಲಿಯಸ್‌ಗಳು 0.74 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು) ದೂರದಲ್ಲಿದ್ದಾಗ ಎರಡೂ ಸಮಕ್ಕೆ ಬಂದು ನಿಲ್ಲುತ್ತವೆ.

ಅವರ ವಿಧಾನದಲ್ಲಿ ಲೆಕ್ಕ ಹಾಕಿದರೆ ನಿಜವಾದ ಬಂಧಶಕ್ತಿಯ ಮೂರನೇ ಎರಡರಷ್ಟು ಸಿಗುತ್ತದೆ. ಪೂರ್ತಿ ಅಲ್ಲ, ನಿಜ. ಆದರೆ ಹೀಲಿಯಂ ಯಾಕೆ ಜೋಡಿಯಾಗುವುದಿಲ್ಲ ಅನ್ನೋದಕ್ಕೂ ಇದರಲ್ಲೇ ಕಾರಣ ಸಿಕ್ಕಿತು: ಅದರ ಎರಡು ಎಲೆಕ್ಟ್ರಾನ್‌ಗಳು ಆಗಲೇ ತಮ್ಮಲ್ಲೇ ಜೋಡಿಯಾಗಿವೆ. ನನಗಂತೂ 'ಹಂಚಿಕೊಳ್ಳುವುದು' ಅನ್ನೋ ಪದವೇ ಇಷ್ಟವಿಲ್ಲ. ಪಾಲು ಮಾಡಿಕೊಂಡ ಹಾಗೆ ಕೇಳಿಸುತ್ತದೆ. ಅಲ್ಲಿ ಯಾವುದು ಯಾರದ್ದು ಅಂತ ಹೇಳುವುದಕ್ಕೇ ಆಗುವುದಿಲ್ಲ, ಬಂಧದ ಗುಟ್ಟು ಅದರಲ್ಲೇ ಇದೆ.

ಪ್ರಶ್ನೆ: ಭಾಭಾ ಜೊತೆ ಕೆಲಸ ಮಾಡಿದ ಹೈಟ್ಲರ್ ಇವರೇನಾ?
- ಓದುಗರು, ಮೈಸೂರು

ಉತ್ತರ: ಹೌದು, ಇವರೇ. 1933ರಲ್ಲಿ ನಾಜಿಗಳು ಬಂದ ಮೇಲೆ ಹೈಟ್ಲರ್ ಜರ್ಮನಿ ಬಿಟ್ಟು ಇಂಗ್ಲೆಂಡಿನ ಬ್ರಿಸ್ಟಲ್ ಸೇರಿದರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಯಲ್ಲಿ ಕಣಗಳ ಮಳೆಯನ್ನೇ ಸುರಿಸುವುದು ಹೇಗೆ ಅಂತ ಅವರೂ ನಮ್ಮ ಭೌತವಿಜ್ಞಾನಿ ಹೋಮಿ ಭಾಭಾ ಅವರೂ ಸೇರಿ 1937ರಲ್ಲಿ ವಿವರಿಸಿದರು. ಎರಡು ವರ್ಷದ ನಂತರ ರಜೆಗೆಂದು ಊರಿಗೆ ಬಂದ ಭಾಭಾ, ಯುದ್ಧ ಶುರುವಾಗಿ ಇಂಗ್ಲೆಂಡಿಗೆ ವಾಪಸ್ ಹೋಗಲಾಗದೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸೇರಿದರು.