ದುಬಾರಿ ವಾಚ್ ಕಟ್ಟಿದ ಗಂಡಸರ ತಲಿ ಯಾಕ ಬೋಳಾಗಿರ್ತದ?

ವಾಚಿಂದೇನೂ ತಪ್ಪಿಲ್ರಿ, ಎರಡನ್ನೂ ತರೋದು ವಯಸ್ಸು. ಬೆಳಗಾವಿ ಮದುವಿ ಮಂಟಪದಾಗ ಮುಂದಿನ ಸಾಲು ನೋಡ್ರಿ: ರೋಲೆಕ್ಸ್ ಕಟ್ಟಿದ ಕೈ ಕರ್ಚೀಫ್ ಹಿಡಕೊಂಡು ನುಣ್ಣನ ನೆತ್ತಿ ಒರಸ್ತಿರ್ತದ. ಲಕ್ಷಗಟ್ಟಲೆ ಕೊಟ್ಟು ವಾಚ್ ಕೊಳ್ಳೋ ತಾಕತ್ತು ಬರೋದ್ರೊಳಗ ಭಾಳ ಮಂದಿಗೆ 40 ದಾಟಿರ್ತದ. 50ರ ಹೊತ್ತಿಗೆ ಸುಮಾರು ಅರ್ಧ ಗಂಡಸರಿಗೆ ಒಂದಿಷ್ಟಾದ್ರೂ ಕೂದಲು ಹೋಗಿರ್ತದ.

ಖರೇ ಕಾರಣ ಮೈಯೊಳಗೈತಿ. ಟೆಸ್ಟೊಸ್ಟೆರೋನ್‌ನಿಂದ ತಯಾರಾಗೋ ಡಿಎಚ್‌ಟಿ ಹಾರ್ಮೋನು, ವಂಶಪಾರಂಪರ್ಯವಾಗಿ ಸೂಕ್ಷ್ಮ ಇರೋ ಕೂದಲ ಬುಡಗಳನ್ನ ವರ್ಷದಿಂದ ವರ್ಷಕ್ಕ ಸಣ್ಣ ಮಾಡ್ತದ. ಹಿಂದಲೆಯ ಬುಡಗಳಿಗೆ ಅದು ಅಷ್ಟು ತಾಗೂದಿಲ್ಲ, ಅದಕ್ಕ ಅಲ್ಲಿ ಕೂದಲು ಉಳೀತದ.

ವಾಚ್ ಇರಲಿ ಬಿಡಲಿ, 25ಕ್ಕೇ ಹಣಿ ಅಗಲ ಆಗಾಕತ್ತಿದ್ರ ಎಣ್ಣಿ ಹುಡುಕಬ್ಯಾಡ್ರಿ, ಚರ್ಮದ ಡಾಕ್ಟರಿಗೆ ತೋರಸ್ರಿ. ಮಿನಾಕ್ಸಿಡಿಲ್‌ನಂಥ ಔಷಧ ಲಗೂನ ಶುರು ಮಾಡಿದ್ರ ಹೆಚ್ಚು ಉಪಯೋಗ.