ಕಟಕಟ ಸದ್ದಿನ ಪೆಟ್ಟಿಗೆ, ಕಿವಿ ಗುರುತಿನ ತಟ್ಟೆ

ಪತ್ರ: ಹನ್ನೊಂದು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ವಾದ್ಯದ ಜಾಝ್‌ನ ಹಳೆಯ ಎಲ್‌ಪಿಗಳನ್ನು ಕೂಡಿಡುವ ಹುಚ್ಚು ಹತ್ತಿದೆ. ಕನ್ನಡ ಕೂಟದ ಗೆಳೆಯರು ‘ಇದೇನು ಚರ್ಚಿನ ಸದ್ದು’ ಎಂದು ನಗುತ್ತಾರೆ. ಜಾಝ್ ಬಲ್ಲ ಇಲ್ಲಿನವರು ‘ಅದು ಬಾರಿನ ಸಂಗೀತ, ಅದರಲ್ಲಿ ಸೂಕ್ಷ್ಮವಿಲ್ಲ’ ಎನ್ನುತ್ತಾರೆ. ಮೊನ್ನೆ ಆರ್ಗನ್ ವಾದಕ ಜಿಮ್ಮಿ ಸ್ಮಿತ್‌ನ ‘ದ ಸರ್ಮನ್’ ಮೊದಲ ಮುದ್ರಣ ಸಿಕ್ಕಿತು. ಒಂದು ತಿಂಗಳ ದಿನಸಿ ಖರ್ಚಿನಷ್ಟು ತೆತ್ತೆ. ಸವೆದೀತೆಂದು ಅದನ್ನಿನ್ನೂ ಹಾಕಿಲ್ಲ. ಕೇಳಲು ಮರುಮುದ್ರಣ ಇದೆ. ಮೊದಲ ಮುದ್ರಣಕ್ಕೆ ಹಣ ಸುರಿಯುವುದು ಸರಿಯೇ, ಮರುಮುದ್ರಣ ಸಾಕೇ? ನಿಮಗೂ ಒಂದು ತಟ್ಟೆ ಕಳಿಸಲೇ?
— ಓದುಗರೊಬ್ಬರು, ನ್ಯೂಜೆರ್ಸಿ

ಸಂಪಾದಕರ ಉತ್ತರ: ‘ಅದನ್ನಿನ್ನೂ ಹಾಕಿಲ್ಲ’ ಎಂಬ ಮಾತನ್ನು ಎಷ್ಟು ಮೆಲ್ಲಗೆ ನುಸುಳಿಸಿದ್ದೀರಿ ಮಾರಾಯರೇ! ಹಲಸಿನ ಹಣ್ಣು ತಂದು, ಕೊಯ್ದರೆ ಕೈಗೆ ಮೇಣ ಅಂಟೀತೆಂದು ಅಟ್ಟಕ್ಕೇರಿಸಿದ ಹಾಗಾಯಿತು.

ಮೊದಲ ಮುದ್ರಣದ ಪರವಾಗಿ ಹೇಳಬೇಕಾದ್ದನ್ನು ಹೇಳಿ ಮುಗಿಸಿಬಿಡುತ್ತೇನೆ. ಲೇಬಲ್ಲಿನಲ್ಲಿ ಬ್ಲೂ ನೋಟ್ ಕಂಪನಿಯ 47 ವೆಸ್ಟ್ 63 ಎಂಬ ನ್ಯೂಯಾರ್ಕ್ ವಿಳಾಸ, ಲೇಬಲ್ಲನ್ನು ಸುತ್ತಿದ ಆಳದ ಗೀರು, ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಧ್ವನಿಮುದ್ರಣ ಮಾಡಿದ ರೂಡಿ ವ್ಯಾನ್ ಗೆಲ್ಡರ್‌ನ ಹೆಸರಿನ ಮೂರಕ್ಷರ, ಪಕ್ಕದಲ್ಲಿ ತಟ್ಟೆಗಳನ್ನು ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಕಿವಿಯಾಕಾರದ ಗುರುತು. ಇಷ್ಟಿದ್ದರೆ ಅಸಲಿ. ಅಂಥ ತಟ್ಟೆಯಲ್ಲಿ ವಾದ್ಯ ನಿಮ್ಮ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ಕೂರುತ್ತದೆ, ಸುಳ್ಳಲ್ಲ. ಕೊಂಡದ್ದು ತಪ್ಪೂ ಅಲ್ಲ. ಆಯಿತೇ?

ಈಗ ಆ ‘ಬಾರಿನ ಸಂಗೀತ’ದ ವಿಷಯಕ್ಕೆ ಬರೋಣ. ಹೌದು, ಬಾರಿನ ಸಂಗೀತವೇ. ಏನೀಗ?

ಲಾರೆನ್ಸ್ ಹ್ಯಾಮಂಡ್ ಶಿಕಾಗೋದಲ್ಲಿ ಗಡಿಯಾರ ಮಾಡುತ್ತಿದ್ದ ಎಂಜಿನಿಯರ್. ವಿದ್ಯುತ್ ಗಡಿಯಾರವನ್ನು ಓಡಿಸುವ ಮೋಟಾರಿನ, ಒಂದೇ ವೇಗದಲ್ಲಿ ತಿರುಗುವ ಗುಣವನ್ನೇ ಹಿಡಿದು ವಾದ್ಯವೊಂದನ್ನು ಕಟ್ಟಿ 1935ರಲ್ಲಿ ಮಾರುಕಟ್ಟೆಗೆ ಬಿಟ್ಟ. 1950ರ ದಶಕದಲ್ಲಿ ಬಂದ ಪ್ರಸಿದ್ಧ ಬಿ-3 ಮಾದರಿಯ ಹೊಟ್ಟೆಯಲ್ಲಿ 91 ಲೋಹದ ಚಕ್ರಗಳು. ಒಂದೊಂದೂ ಅಯಸ್ಕಾಂತದ ಮುಂದೆ ತಿರುಗುತ್ತ ಒಂದೊಂದು ಸ್ವರ ಹುಟ್ಟಿಸುತ್ತದೆ. ಆತನ ಕಣ್ಣಿದ್ದದ್ದು ಚರ್ಚುಗಳ ಮೇಲೆ. ಪೈಪ್ ಆರ್ಗನ್ ಕೊಳ್ಳುವ ತಾಕತ್ತಿಲ್ಲದ ಬಡ ಚರ್ಚಿಗೆ ಅಗ್ಗದ ಬದಲಿ. ಪೈಪ್ ಆರ್ಗನ್ನಿಗೆ ಇದು ಸಮ ಎಂದು ಜಾಹೀರಾತು ಕೊಟ್ಟದ್ದಕ್ಕೆ ಅಮೆರಿಕದ ಸರ್ಕಾರ ವಿಚಾರಣೆ ಹೂಡಿತು. 1937ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ರಾಕ್‌ಫೆಲರ್ ಚಾಪೆಲ್‌ನಲ್ಲಿ ಎರಡನ್ನೂ ಮರೆಯಲ್ಲಿ ನುಡಿಸಿ ಕೇಳಿಸಿದರು. ಪಳಗಿದ ಕಿವಿಗಳೂ ಹಲವು ಸಲ ತಪ್ಪಿದವು!

ನನಗೆ ಮುಖ್ಯವಾದ ಕಥೆ ಆಮೇಲಿನದು. ಬಿ-3ಯ ಒಂದೊಂದು ಕೀಲಿಯ ಕೆಳಗೂ ಒಂಬತ್ತು ಸಣ್ಣ ತಂತಿಗಳಿವೆ. ಬೆರಳು ಒತ್ತಿದಾಗ ಒಂಬತ್ತೂ ಒಂದೇ ಕ್ಷಣಕ್ಕೆ ತಾಗುವುದಿಲ್ಲ, ಹಾಗಾಗಿ ಸ್ವರದ ಮೊದಲಿಗೆ ‘ಟಕ್’ ಎಂದು ಒಂದು ಸದ್ದು. ಎಂಜಿನಿಯರುಗಳಿಗೆ ಅದು ನಾಚಿಕೆ, ತೊಲಗಿಸಲು ಏನೆಲ್ಲ ಮಾಡಿದರು. ಡಾನ್ ಲೆಸ್ಲಿ ಎಂಬಾತ ಒಳಗೆ ಗಿರಗಿರ ತಿರುಗುವ ಸ್ಪೀಕರ್ ಕಟ್ಟಿ ತಂದರೆ ಹ್ಯಾಮಂಡ್ ಕಂಪನಿ ಬೇಡವೆಂದಿತು. ಅವನು ತಾನೇ ಮಾರಿಕೊಂಡ. ಇವತ್ತು ಆರ್ಗನ್ ಜಾಝ್ ಅಂದಕೂಡಲೇ ಕಿವಿಗೆ ಬರುವುದು ಯಾವುದು? ಆ ಟಕ್ಕು, ಆ ಗಿರಕಿ. ಯಜಮಾನನಿಗೆ ಬೇಡವಾದ ಎರಡನ್ನೂ ಕಪ್ಪು ಜನರ ಬಾರುಗಳು, ಚರ್ಚುಗಳು ಎತ್ತಿ ಸಾಕಿಕೊಂಡವು.

ಕೆಲವು ವರ್ಷದ ಹಿಂದೆ ತಂಗಿಯ ಮಗನ ಮನೆಗೆಂದು ಫಿಲಡೆಲ್ಫಿಯಾಕ್ಕೆ ಹೋಗಿದ್ದೆ. ಒಂದು ಭಾನುವಾರ ಅವರ ಬೀದಿಯ ಚರ್ಚಿನಲ್ಲಿ ಸಿ-3 ಕಂಡಿತು. ಒಳಗೆಲ್ಲ ಬಿ-3ಯದೇ ಸಾಮಾನು. ನುಡಿಸುವವರ ಕಾಲು ಭಕ್ತರಿಗೆ ಕಾಣಬಾರದೆಂದು ಸುತ್ತ ಮರದ ಹಲಗೆ ಹೊಡೆದಿರುತ್ತಾರೆ. ನುಡಿಸುವ ಮುದುಕರು ನನ್ನ ಆಸೆಗಣ್ಣು ನೋಡಿ ಹತ್ತಿರ ಕರೆದರು. ಅದಕ್ಕೆ ಎರಡು ಸ್ವಿಚ್ಚು. ಮೊದಲನೆಯದನ್ನು ಒತ್ತಿ ಹಿಡಿದು ಬಾಯಲ್ಲೇ ಎಂಟರವರೆಗೆ ಎಣಿಸಿದರು. ಒಳಗೆ ಎಲ್ಲೋ ದೂರದ ಅಕ್ಕಿ ಗಿರಣಿ ಶುರುವಾದಂತೆ ಗುಂಯ್‌ಗುಟ್ಟುತ್ತ ಸದ್ದು ಏರಿತು. ಅದನ್ನು ಬಿಡದೆ ಎರಡನೆಯದನ್ನೂ ಒತ್ತಿ ನಾಲ್ಕು ಎಣಿಸಿ, ಆಮೇಲೆ ಮೊದಲನೆಯದರಿಂದ ಬೆರಳೆತ್ತಿದರು. ‘ಅವಸರ ಮಾಡಿದರೆ ಏಳುವುದಿಲ್ಲ’ ಎಂದರು. ವರ್ಷಕ್ಕೊಮ್ಮೆ ಎಣ್ಣೆ ಬಿಡಬೇಕಂತೆ, ನಮ್ಮ ಹೊಲಿಗೆ ಯಂತ್ರಕ್ಕೆ ಬಿಟ್ಟ ಹಾಗೆ. ನಾದದ ಬಣ್ಣ ಬದಲಿಸುವ ಒಂಬತ್ತು ಎಳೆಸರಳುಗಳಲ್ಲಿ ಮೊದಲ ಮೂರನ್ನು ಪೂರ್ತಿ ಎಳೆದು ಒಂದು ಸ್ವರ ಒತ್ತಿದರು. ಜಿಮ್ಮಿ ಸ್ಮಿತ್! ಅರವತ್ತು ದಾಟಿದವನ ಕುತ್ತಿಗೆಯ ಹಿಂದೆ ಕೂದಲು ನಿಮಿರಿತು ಅಂದರೆ ನಂಬುತ್ತೀರಾ?

ಆ ಸ್ಮಿತ್ ಇದನ್ನು ಕಲಿತದ್ದೂ ಅದೇ ಊರಲ್ಲಿ, ಒಂದು ಗೋದಾಮಿನೊಳಗೆ, ಕಾಲಲ್ಲಿ ಒತ್ತಿ ನುಡಿಸುವ ಕಾಲ್ಮಣೆಗಳ ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡು. 1956ರಲ್ಲಿ ಹಾರ್ಲೆಮ್‌ನಲ್ಲಿ ಬ್ಲೂ ನೋಟ್‌ನ ಸ್ಥಾಪಕ ಆಲ್ಫ್ರೆಡ್ ಲಯನ್ ಅವನ ನುಡಿಸಾಣಿಕೆ ಕೇಳಿದ. ಮರುವರ್ಷದ ಫೆಬ್ರವರಿಯಲ್ಲಿ ಮೂರೇ ದಿನ ಕೂರಿಸಿ ಹಲವು ಎಲ್‌ಪಿಗಾಗುವಷ್ಟು ಧ್ವನಿಮುದ್ರಿಸಿಕೊಂಡ. ಎಡಗೈ ಬೇಸ್ ನಡೆಸುತ್ತದೆ, ಕಾಲು ಅದರ ಬುಡಕ್ಕೆ ಠಪ್ ಎಂದು ಒತ್ತು ಕೊಡುತ್ತದೆ, ಬಲಗೈ ಹಾಡುತ್ತದೆ. ಬೇಸ್ ನುಡಿಸುವವನ ಸಂಬಳ ಉಳಿಯಿತಲ್ಲ ಎಂದು ಬಾರಿನ ಮಾಲೀಕನಿಗೂ ಖುಷಿ. ಕಲೆಗೆ ಹೊಟ್ಟೆಪಾಡಿನ ಲೆಕ್ಕ ತಾಗಿದೊಡನೆ ಮೂಗು ಮುರಿಯುವವರಿಗೆ ಇದು ರುಚಿಸುವುದಿಲ್ಲ.

ಮೂಗು ಮುರಿಯುವ ಕುಲ ನಮ್ಮಲ್ಲೇನು ಕಡಿಮೆಯೇ? ಹಾರ್ಮೋನಿಯಂನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿ ಪರದೇಶದ್ದು ಎಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಟ್ಟಿತು. ಒಳಗೆ ಬಿಟ್ಟುಕೊಂಡದ್ದು 1971ರಲ್ಲಿ. ಅಷ್ಟೂ ವರ್ಷ ಉತ್ತರ ಕರ್ನಾಟಕದ ನಾಟಕ ಕಂಪನಿಗಳ ತಗಡಿನ ಥೇಟರುಗಳಲ್ಲಿ ಕಾಲು ಪೆಟ್ಟಿಗೆಯ ಮಾಸ್ತರರು ಎರಡೂ ಕಾಲಲ್ಲಿ ಗಾಳಿ ತುಳಿಯುತ್ತ, ಎರಡೂ ಕೈಯಲ್ಲಿ ರಂಗಗೀತೆ ಎತ್ತುತ್ತ ಬೆಳಗಾಗಿಸುತ್ತಿದ್ದರು. ರೇಡಿಯೋಗೆ ಬೇಡವಾದ ಪೆಟ್ಟಿಗೆಗೆ ಟಿಕೆಟ್ ಕೊಟ್ಟು ಬರುವ ಜನರಿದ್ದರು. ಸೂಕ್ಷ್ಮವಿಲ್ಲ ಎಂದ ನಿಮ್ಮ ಪಂಡಿತರಿಗೆ ಲ್ಯಾರಿ ಯಂಗ್‌ನ ‘ಯೂನಿಟಿ’ ಕೇಳಿಸಿ. 1965, ಎಲ್ವಿನ್ ಜೋನ್ಸ್‌ನ ಡ್ರಮ್ಸ್, ಜೋ ಹೆಂಡರ್ಸನ್‌ನ ಸ್ಯಾಕ್ಸೊಫೋನ್, ವುಡಿ ಶಾನ ಟ್ರಂಪೆಟ್. ಯಂಗ್ ನಿಮ್ಮ ನೆವಾರ್ಕಿನ ಹುಡುಗ, ಧ್ವನಿಮುದ್ರಣವಾದದ್ದು ನಿಮ್ಮ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ. ಹನ್ನೊಂದು ವರ್ಷದಲ್ಲಿ ಒಮ್ಮೆಯಾದರೂ ಆ ಕಡೆ ಹೋಗಿದ್ದೀರಾ, ಅಥವಾ ಅಂಚೆಯ ಪೊಟ್ಟಣಗಳನ್ನು ಮಾತ್ರ ಎದುರುನೋಡಿದಿರಾ?

ಹಣ ಉಳಿಸುವ ದಾರಿಯೂ ಇದೆ. ಬ್ಲೂ ನೋಟ್ ಎಂದರೆ ಎದ್ದು ಕುಣಿಯುವ ಸಂಗ್ರಾಹಕರು ಪ್ರೆಸ್ಟೀಜ್ ಕಂಪನಿಯ ತಟ್ಟೆಗಳಿಗೆ ಅಷ್ಟು ಬಾಯಿ ಬಿಡುವುದಿಲ್ಲ. ಎಡ್ಡಿ ‘ಲಾಕ್‌ಜಾ’ ಡೇವಿಸ್ ಜೊತೆ ಶರ್ಲಿ ಸ್ಕಾಟ್ 1958ರಲ್ಲಿ ನುಡಿಸಿದ ‘ಕುಕ್‌ಬುಕ್’, ಇಪ್ಪತ್ತರ ಹರೆಯದ ಜಾರ್ಜ್ ಬೆನ್ಸನ್‌ನ ಗಿಟಾರಿರುವ ಜ್ಯಾಕ್ ಮೆಕ್‌ಡಫ್, ‘ಮಿಸ್ಟಿ’ ಎಂಬ ನಿಧಾನದ ಹಾಡನ್ನು ಕುದುರೆ ಓಟಕ್ಕೆ ಹಚ್ಚಿದ ಗ್ರೂವ್ ಹೋಮ್ಸ್, ಚಾರ್ಲ್ಸ್ ಅರ್‌ಲ್ಯಾಂಡ್‌ನ ‘ಬ್ಲ್ಯಾಕ್ ಟಾಕ್’. ಗೀರು ಬಿದ್ದ ಪ್ರತಿಯಾದರೂ ತನ್ನಿ. ಶರ್ಲಿ ಸ್ಕಾಟ್ ಕೈಯ ಮಿತವ್ಯಯ ಗಂಡು ಆರ್ಗನಿಸ್ಟರಲ್ಲಿ ಅನೇಕರಿಗೆ ಬರಲಿಲ್ಲ ಎಂಬುದು ನನ್ನ ಹಳೆಯ ಜಗಳ, ಇಲ್ಲಿ ಬೇಡ.

ಪೀಠ, ಕಾಲ್ಮಣೆ ಸೇರಿ ಬಿ-3 ಸುಮಾರು 190 ಕಿಲೋ. ಅದನ್ನು ಊರಿಂದೂರಿಗೆ ಒಯ್ಯಲು ಕೆಲವರು ಹಳೆಯ ಶವವಾಹನಗಳನ್ನೇ ಕೊಂಡಿದ್ದರು; ಮಲಗಿಸಿದರೆ ಸರಿಯಾಗಿ ಹಿಡಿಸುತ್ತದೆ. ಈಗ ನಮ್ಮ ಮದುವೆ ಮಂಟಪಗಳಿಗೆ ಬರುವ ಕೀಬೋರ್ಡನ್ನು ಹುಡುಗ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾನೆ. ಗುಂಡಿ ಒತ್ತಿದರೆ ತಾಳ ಅದೇ ಹೊಡೆದುಕೊಳ್ಳುತ್ತದೆ, ಅವನು ಎಡಗೈಯಲ್ಲಿ ಮೊಬೈಲ್ ನೋಡುತ್ತಾನೆ. ಸ್ನೇಹಿತರು ಇಡೀ ಹಾಡು ಕಳಿಸುವುದಿಲ್ಲ, ಅರ್ಧ ನಿಮಿಷದ ತುಂಡು ಕಳಿಸುತ್ತಾರೆ. ನಮ್ಮ ಪತ್ರಿಕೆಗೇ ತಿಂಗಳಿಗೆ ಹತ್ತು ಪತ್ರ: ಲೇಖನ ಉದ್ದವಾಯಿತು, ಕಥೆ ಉದ್ದವಾಯಿತು, ಸಂಪಾದಕರ ಉತ್ತರವಂತೂ ಕೇಳಲೇಬೇಡಿ! ‘ದ ಸರ್ಮನ್’ ಇಪ್ಪತ್ತು ನಿಮಿಷ, ತಟ್ಟೆಯ ಒಂದು ಮಗ್ಗುಲು ಪೂರಾ ಒಂದೇ ಬ್ಲೂಸ್. ಕೆನಿ ಬರೆಲ್, ಟೀನಾ ಬ್ರೂಕ್ಸ್, ಲೀ ಮಾರ್ಗನ್, ಲೂ ಡೊನಾಲ್ಡ್‌ಸನ್ ತಮ್ಮ ತಮ್ಮ ಸರದಿ ಮುಗಿಸುವವರೆಗೆ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ. ಕೂತು ಕೇಳಬೇಕು. ನನ್ನ ಪ್ರತಿ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರದು. ಯಾರೋ ಅದರ ಮೇಲೆ ಕಾಫಿ ಲೋಟ ಇಟ್ಟಿದ್ದ ಉಂಗುರ ಇನ್ನೂ ಇದೆ. ಬ್ರೂಕ್ಸ್‌ನ ಸರದಿಯಲ್ಲಿ ಮುಳ್ಳು ಎರಡು ಸಲ ಹಾರುತ್ತದೆ.

ಆದ್ದರಿಂದ ಈ ಭಾನುವಾರ ನಿಮ್ಮ ಆ ಮೊದಲ ಮುದ್ರಣವನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸಿ, ಒರೆಸಿ, ಹಾಕಿ. ಕೂಟದ ಗೆಳೆಯರನ್ನೂ ಕರೆಯಿರಿ, ತಿಂಡಿ ಮಾಡಿದರೆ ಬರುತ್ತಾರೆ. ನನಗೆ ಕಳಿಸುವುದಾದರೆ ಮರುಮುದ್ರಣವನ್ನೇ ಕಳಿಸಿ. ಮೊದಲ ಮುದ್ರಣ ಕೈಗೆ ಬಂದರೆ ನಾನೂ ಭೂತಗನ್ನಡಿ ಹಿಡಿದು ಆ ಕಿವಿ ಗುರುತು ಹುಡುಕಿ, ಎರಡು ಹಾಳೆಯಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ.